ಆನೆ, ಧರೆ, ಹಳ್ಳ: ನಮ್ಮ ಪಂಚಾಯಿತಿಗೆ 120 ಕ್ಯಾಮೆರಾ ಬೇಕೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮದೂ ಆರು ಎಕರೆ ಕಾಫಿ ಇದೆ. ನಮ್ಮ ಭಾಗದ ಆನೆ ಕಾಟ ನಿಮಗೆ ಗೊತ್ತಿರುವುದೇ. ಬೆಳಿಗ್ಗೆ ಕೆಲಸಕ್ಕೆ ಹೊರಟ ಆಳುಗಳಿಗೆ ಆನೆ ಎಲ್ಲಿದೆ ಎಂದು ತಿಳಿಯುವುದೇ ಇಲ್ಲ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತದೆ, ಶಾಲೆಯ ವ್ಯಾನು ಅದೇ ದಾರಿಯಲ್ಲಿ ಬರಬೇಕು. ರಸ್ತೆ ಪಕ್ಕದ ಧರೆ, ಅಂದರೆ ಎತ್ತರದ ಮಣ್ಣಿನ ದಿಬ್ಬ, ಎರಡು ವರ್ಷದಿಂದ ಸ್ವಲ್ಪಸ್ವಲ್ಪವೇ ಕುಸಿಯುತ್ತಿದೆ. ಜೊತೆಗೆ ಕಣದಲ್ಲಿ ಒಣಹಾಕಿದ ಕಾಫಿ, ಮೆಣಸಿನ ಕಳವು. ಈಗ ಒಂದು ಕಂಪನಿಯವರು ಬಂದು 120 ಕ್ಯಾಮೆರಾ, 40 ಸೆನ್ಸರ್, ಒಂದು ಕಂಟ್ರೋಲ್ ರೂಮ್ ಸೇರಿಸಿ ಪ್ಯಾಕೇಜ್ ಕೊಟ್ಟಿದ್ದಾರೆ. ಎಐ ಇರುವುದರಿಂದ ಆನೆ, ನೀರು, ಕುಸಿತ, ಕಳ್ಳ ಎಲ್ಲವನ್ನೂ ಅದೇ ಗುರುತಿಸಿ ಮೊಬೈಲಿಗೆ ತಿಳಿಸುತ್ತದಂತೆ. ಅರ್ಧ ಹಣ ಬೆಳೆಗಾರರು, ಉಳಿದದ್ದು ಪಂಚಾಯಿತಿ ಮತ್ತು ದಾನಿಗಳು ಎಂದು ಮಾತಾಗಿದೆ. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಇರುವುದಿಲ್ಲ, ಮೊಬೈಲ್ ಟವರೂ ಸತ್ತಿರುತ್ತದೆ. ತೋಟದ ಆಳುಗಳ ಲೈನ್ ಮನೆಯ ಹೆಂಗಸರು "ನಮ್ಮನ್ನೂ ನೋಡ್ತಾರಾ ಅಮ್ಮಾ?" ಎಂದು ಕೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೆ? ಅಷ್ಟೊಂದು ಕ್ಯಾಮೆರಾ ಹಾಕಿದರೆ ಆ ಪರದೆ ನೋಡುತ್ತ ಕೂರುವವರು ಯಾರು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಳೆಮಾಪಕ, ನೀರಿನ ಮಟ್ಟದ ಸೆನ್ಸರ್, ಕ್ಯಾಮೆರಾ ಜಾಲಗಳನ್ನು ಕಟ್ಟುವುದು, ಅದಕ್ಕಿಂತ ಹೆಚ್ಚಾಗಿ ಕೆಟ್ಟು ನಿಂತವನ್ನು ರಿಪೇರಿ ಮಾಡುವುದು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಕೆಲಸ. ದೊಡ್ಡ ದೊಡ್ಡ ಯೋಜನೆಗಳ ಸಭೆಯಲ್ಲೂ ‘ನೋಡುವವರು ಯಾರು’ ಎಂಬ ಪ್ರಶ್ನೆ ಎಲ್ಲ ಮುಗಿದ ಮೇಲೆ ಬರುತ್ತದೆ, ಕೆಲವು ಕಡೆ ಬರುವುದೇ ಇಲ್ಲ. ನೀವು ಸಹಿ ಹಾಕುವ ಮೊದಲೇ ಕೇಳಿದ್ದೀರಿ. ಆ ಪ್ರಶ್ನೆಯನ್ನು ಗ್ರಾಮಸಭೆಯಲ್ಲೂ ಬಿಡದೆ ಕೇಳಿ.

ನೇರವಾಗಿ ಹೇಳುವುದಾದರೆ, ಈ ಪ್ಯಾಕೇಜನ್ನು ಹೀಗೇ ಒಪ್ಪಿಕೊಳ್ಳಬೇಡಿ. ಹಾಗೆಂದು ಉಪಕರಣಗಳ ಸಹವಾಸವೇ ಬೇಡವೆಂದೂ ಅಲ್ಲ. ನೀವು ಬರೆದಿರುವ ನಾಲ್ಕು ತೊಂದರೆಗಳಲ್ಲಿ ಹಳ್ಳದ ನೀರಿಗೆ ಸೆನ್ಸರ್ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಕಳವಿಗೆ ಬೆರಳೆಣಿಕೆಯ ಕ್ಯಾಮೆರಾ ಸಾಕು. ಆನೆಯ ವಿಷಯದಲ್ಲಿ ಜನರ ಜಾಲವೇ ಮುಖ್ಯ, ಉಪಕರಣ ಅದಕ್ಕೆ ಕೈಜೋಡಿಸಬಹುದು. ಧರೆಯ ವಿಷಯದಲ್ಲಿ ಕಂಪನಿ ಹೇಳುತ್ತಿರುವುದನ್ನು ಸದ್ಯಕ್ಕೆ ನಂಬಬೇಡಿ.

ಯಾಕೆ ಒಂದೇ ಪ್ಯಾಕೇಜಿನಲ್ಲಿ ನಾಲ್ಕೂ ಆಗುವುದಿಲ್ಲ ಎಂದರೆ ಒಂದೊಂದರ ಗಡಿಯಾರವೇ ಬೇರೆ. ಹಳ್ಳದ ನೀರು ಮೇಲಿನಿಂದ ಸೇತುವೆಗೆ ಬರಲು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬೇಕು. ಆನೆ ಹಿಂಡು ಇವತ್ತು ಯಾವ ತೋಟದಲ್ಲಿ ಮಲಗಿದೆ ಎಂಬುದು ಹಿಂದಿನ ಸಂಜೆಯೇ ಗೊತ್ತಾದರೆ ಬೆಳಿಗ್ಗೆ ಆಳುಗಳನ್ನು ಬೇರೆ ಕಡೆ ಕಳಿಸಬಹುದು. ಕಳವಾದದ್ದು ಮರುದಿನ ತಿಳಿದರೂ ಚಿತ್ರ ಸ್ಪಷ್ಟವಾಗಿದ್ದರೆ ಉಪಯೋಗವಿದೆ. ಧರೆ ಮಾತ್ರ ವಾರಗಟ್ಟಲೆ ನೀರು ಕುಡಿದು ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಮಾಹಿತಿ ಎಷ್ಟು ಬೇಗ ಬರಬೇಕು, ಬಂದರೆ ಯಾರು ಏನು ಮಾಡುತ್ತಾರೆ ಎಂಬುದು ನಾಲ್ಕಕ್ಕೂ ಬೇರೆಯಾಗಿರುವಾಗ ಒಂದೇ ಕೋಣೆಯ ಒಂದೇ ಪರದೆ ಎಲ್ಲಕ್ಕೂ ಉತ್ತರವಾಗಲಾರದು.

ಮೊದಲು ಕ್ಯಾಮೆರಾದ ಲೆಕ್ಕ ನೋಡೋಣ, ಕಂಪನಿಯವರು ಇದನ್ನು ಬಿಡಿಸಿ ಹೇಳಿರಲಿಕ್ಕಿಲ್ಲ. ಒಂದು ಸಾಮಾನ್ಯ ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ವಿಡಿಯೊ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 43 ಜಿಬಿ. ಮೂವತ್ತು ದಿನ ಇಟ್ಟುಕೊಂಡರೆ 1.3 ಟಿಬಿ. 120 ಕ್ಯಾಮೆರಾಕ್ಕೆ 155 ಟಿಬಿಯಷ್ಟು ಜಾಗ ಬೇಕು, ಲೈನಿನಲ್ಲಿ ಸದಾ 480 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ಹರಿಯುತ್ತಿರಬೇಕು. ಭಾರತ್‌ನೆಟ್ ಎಂಬ ಕೇಂದ್ರ ಸರ್ಕಾರದ ಗ್ರಾಮೀಣ ಇಂಟರ್ನೆಟ್ ಯೋಜನೆಯ ಫೈಬರ್ ಪಂಚಾಯಿತಿ ಕಚೇರಿಗೆ ಕೊಡಬೇಕೆಂದಿರುವುದೇ 100 ಎಂಬಿಪಿಎಸ್. ವಿಡಿಯೊ ಕುಗ್ಗಿಸುವ ಹೊಸ ಬಗೆಯ ಕಂಪ್ರೆಷನ್ ಹಾಕಿದರೆ ಇದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಳಿದರೂ ನಿಮ್ಮ ಊರಿನ ಲೈನು ಅದನ್ನು ಹೊರುವುದಿಲ್ಲ.

ಇದಕ್ಕೆ ಎದುರಾಗಿ ನೀರಿನ ಮಟ್ಟದ ಒಂದು ಸೆನ್ಸರನ್ನು ನೋಡಿ. ಹದಿನೈದು ನಿಮಿಷಕ್ಕೊಮ್ಮೆ ಇಪ್ಪತ್ತು ಬೈಟ್ ಕಳಿಸಿದರೆ ದಿನಕ್ಕೆ ಎರಡು ಕೆಬಿಯೂ ಆಗುವುದಿಲ್ಲ. ಆ ಕ್ಯಾಮೆರಾ ಒಂದೇ ಸೆಕೆಂಡಿನಲ್ಲಿ ಕಳಿಸುವಷ್ಟು ಡೇಟಾದಲ್ಲಿ ಈ ಸೆನ್ಸರ್ ಎಂಟು ತಿಂಗಳಿಗೂ ಹೆಚ್ಚು ಕಾಲ ಮಾತಾಡಬಲ್ಲದು. ಹಾಗಾಗಿಯೇ ಅದಕ್ಕೆ ಮೊಬೈಲ್ ಟವರೂ ಬೇಕಾಗಿಲ್ಲ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಗಳನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ಲೋರಾ ಎಂಬ ರೇಡಿಯೊ ಇದೇ ತರಂಗದಲ್ಲಿ ಕೆಲಸ ಮಾಡುತ್ತದೆ. ಗುಡ್ಡದ ನೆತ್ತಿಯಲ್ಲಿ ಒಂದು ಗೇಟ್‌ವೇ ಪೆಟ್ಟಿಗೆ ಇಟ್ಟರೆ, ನಡುವೆ ಇನ್ನೊಂದು ಗುಡ್ಡ ಅಡ್ಡ ಬಾರದಿದ್ದರೆ, ಕೆಲವು ಕಿಲೊಮೀಟರ್ ದೂರದ ಸೆನ್ಸರ್‌ಗಳು ಅದಕ್ಕೆ ಕೇಳಿಸುತ್ತವೆ. ವಿಡಿಯೊ ಮಾತ್ರ ಇದರಲ್ಲಿ ಹೋಗುವುದಿಲ್ಲ. ಯಾರಾದರೂ ಹೋಗುತ್ತದೆ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಕರೆಂಟಿನ ಲೆಕ್ಕ ಇನ್ನೂ ಕಠಿಣ. ರಾತ್ರಿ ನೋಡಲು ಇನ್ಫ್ರಾರೆಡ್ ದೀಪವಿರುವ ಕ್ಯಾಮೆರಾ, ಅದರ ಜೊತೆ ಒಂದು 4ಜಿ ರೂಟರ್, ಎರಡೂ ಸೇರಿ 15 ವ್ಯಾಟ್ ಎನ್ನಿ. ದಿನಕ್ಕೆ 360 ವ್ಯಾಟ್-ಅವರ್, ನಾಲ್ಕು ದಿನಕ್ಕೆ 1,440. ನಾವು ಮನೆಯ ಯುಪಿಎಸ್ಸಿಗೆ ಹಾಕುವಂಥ 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200. ಅದು ಬೇಗ ಸಾಯಬಾರದೆಂದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಅಂದರೆ ಕಂಬವೊಂದಕ್ಕೆ ಎರಡೂವರೆ ಬ್ಯಾಟರಿ, 120 ಕಂಬಕ್ಕೆ 300. ಸೋಲಾರ್ ಹಾಕುತ್ತೇವೆ ಎನ್ನುತ್ತಾರೆ. ಪುನರ್ವಸು, ಪುಷ್ಯ ಮಳೆ ಹಿಡಿದು ಕೂತಾಗ ನಿಮ್ಮ ಕಡೆ ಎಷ್ಟು ದಿನ ಬಿಸಿಲು ಕಾಣುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನೀರಿನ ಸೆನ್ಸರ್ ಸದಾ ಮಲಗಿದ್ದು, ಎದ್ದು ಅಳೆದು, ಮತ್ತೆ ಮಲಗುವ ಜಾತಿ. ಅಂಗೈಯಗಲದ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ಇನ್ನು ಮಲೆನಾಡಿನ ರಾತ್ರಿಯಲ್ಲಿ ಕ್ಯಾಮೆರಾಕ್ಕೆ ಏನು ಕಾಣುತ್ತದೆ? ನಾನು ಘಟ್ಟದ ಕೆಳಗಿನ ಒಂದು ಚೆಕ್‌ಪೋಸ್ಟಿನಲ್ಲಿ ಜುಲೈ ತಿಂಗಳ ಒಂದು ರಾತ್ರಿಯಿಡೀ ಪರದೆ ನೋಡುತ್ತ ಕೂತಿದ್ದೇನೆ. ಹದಿನಾರು ಚೌಕಗಳಲ್ಲಿ ಐದು ಕಪ್ಪು, ಅಂದರೆ ಸಂಪರ್ಕವೇ ಇಲ್ಲ. ಉಳಿದವುಗಳಲ್ಲಿ ನಾಲ್ಕು ಹಾಲಿನಂತೆ ಬಿಳಿ. ಮಂಜು ಇರಬೇಕೆಂದುಕೊಂಡು ಕೊಡೆ ಹಿಡಿದು ಹೊರಗೆ ಹೋಗಿ ಏಣಿ ಹಾಕಿ ನೋಡಿದರೆ ಜೇಡರ ಬಲೆ. ಇನ್ಫ್ರಾರೆಡ್ ದೀಪ ನಮ್ಮ ಕಣ್ಣಿಗೆ ಕಾಣದಿದ್ದರೂ ಹುಳುಗಳು ಅಲ್ಲಿಗೆ ಮುತ್ತುತ್ತವೆ, ಹುಳು ಬಂದಲ್ಲಿ ಜೇಡ ಬಲೆ ಕಟ್ಟುತ್ತದೆ, ಬಲೆಯ ಎಳೆಎಳೆಗೂ ಮಳೆಹನಿ. ದೀಪದ ಬೆಳಕು ಆ ಹನಿಗಳಿಗೇ ಬಡಿದು ಲೆನ್ಸಿಗೆ ವಾಪಸ್ ಬರುತ್ತಿತ್ತು. ಕಡ್ಡಿಯಲ್ಲಿ ಬಲೆ ತೆಗೆದೆ, ರಸ್ತೆ ಕಾಣಿಸಿತು. ಮರುದಿನ ಸಂಜೆಗೆ ಮತ್ತೆ ಬಲೆ. ದೀಪವನ್ನು ಕ್ಯಾಮೆರಾದಿಂದ ಬಿಡಿಸಿ ಮೂರು ನಾಲ್ಕು ಅಡಿ ಆಚೆಗೆ ಬೇರೆ ಕಟ್ಟಿದ ಮೇಲೆ ತೊಂದರೆ ತಗ್ಗಿತು. ಗುಮ್ಮಟದಾಕಾರದ ಕ್ಯಾಮೆರಾ ನಿಮ್ಮ ಕಡೆಗೆ ಬೇಡವೇ ಬೇಡ, ಹನಿ ಅದರ ಮೇಲೇ ನಿಲ್ಲುತ್ತದೆ. ಮುಂದೆ ಸೂರು ಇರುವ ಉದ್ದನೆಯ ಕ್ಯಾಮೆರಾ ಮೇಲು. ಡಬ್ಬಿಯ ಮೇಲೆ ಐಪಿ67 ಎಂದು ಬರೆದಿರುವುದು ಧೂಳು, ನೀರು ಒಳಗೆ ಹೋಗದಿರುವುದಕ್ಕೆ ಮಾತ್ರ. ಗಾಜಿನ ಮುಂದೆ ಏನು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಈಗ ಎಐ ವಿಷಯ. ಅದು ಬರೀ ಸುಳ್ಳು ಎಂದು ನಾನು ಹೇಳುವುದಿಲ್ಲ, ಕೆಲಸ ಮಾಡುವ ಕಡೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಯಮತ್ತೂರಿನ ಬಳಿ ಮದುಕ್ಕರೈಯಲ್ಲಿ ತಮಿಳುನಾಡು ಅರಣ್ಯ ಇಲಾಖೆ 2024ರ ಫೆಬ್ರುವರಿಯಲ್ಲಿ ರೈಲು ಹಳಿಯ ಸುಮಾರು 7 ಕಿಲೊಮೀಟರ್ ಉದ್ದಕ್ಕೆ 12 ಗೋಪುರ, 24 ಕ್ಯಾಮೆರಾ ಹಾಕಿತು. ಶಾಖದಿಂದ ನೋಡುವ ಥರ್ಮಲ್ ಕ್ಯಾಮೆರಾಗಳು ಅದರಲ್ಲಿವೆ. ಆನೆ ಹಳಿಯ ಹತ್ತಿರ ಬಂದರೆ ಸುದ್ದಿ ಕಂಟ್ರೋಲ್ ರೂಮಿಗೆ, ಅಲ್ಲಿಂದ ರೈಲ್ವೆಯವರಿಗೆ, ರೈಲು ನಿಧಾನಿಸುತ್ತದೆ. ಇಲ್ಲಿ ಗಮನಿಸಿ: ಕೇಳಿರುವುದು ಒಂದೇ ಪ್ರಶ್ನೆ, ನೋಡಬೇಕಾದದ್ದು ಬಯಲಾಗಿ ಮಲಗಿರುವ ಒಂದು ಹಳಿ, ಸುದ್ದಿ ಮುಟ್ಟಿದಾಗ ಬ್ರೇಕ್ ಹಾಕುವ ಮನುಷ್ಯ ಮೊದಲೇ ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ನೋಡಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್ಸಿನವರು ನಡೆಸುವ ಅಲರ್ಟ್‌ಕ್ಯಾಲಿಫೋರ್ನಿಯಾ ಜಾಲದಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. 2023ರಿಂದ ಅಲ್ಲಿಯ ಅಗ್ನಿಶಾಮಕ ಇಲಾಖೆ ಎಐ ಕೂಡ ಬಳಸುತ್ತಿದೆ. ಅಲ್ಲೂ ಪ್ರಶ್ನೆ ಒಂದೇ, ಹೊಗೆ ಎದ್ದಿತೇ? ಬೆಟ್ಟದ ತುದಿಯ ಒಂದು ಕ್ಯಾಮೆರಾಕ್ಕೆ ಎಷ್ಟೋ ಮೈಲಿ ಕಾಣುತ್ತದೆ. ಎಐ ತೋರಿಸಿದ್ದನ್ನು ಒಬ್ಬ ಸಿಬ್ಬಂದಿ ಕಣ್ಣಾರೆ ಖಚಿತಪಡಿಸಿಕೊಂಡ ಮೇಲೆಯೇ ವಾಹನ ಹೊರಡುತ್ತದೆ.

ನಿಮ್ಮ ತೋಟಗಳಲ್ಲಿ ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಆಳೆತ್ತರದ ಕಾಫಿ ಗಿಡ. ಕ್ಯಾಮೆರಾಕ್ಕೆ ಇಪ್ಪತ್ತು ಮೂವತ್ತು ಮೀಟರಿನ ಆಚೆ ಏನೂ ಕಾಣದು. ದಟ್ಟ ಮಂಜು, ಜೋರು ಮಳೆಯಲ್ಲಿ ಥರ್ಮಲ್ ಕಣ್ಣೂ ಮಂಕಾಗುತ್ತದೆ. ಮೇಯಲು ಬಂದ ದನ, ಗಾಳಿಗೆ ಆಡುವ ಬಾಳೆ ಎಲೆ, ಗಾಡಿಯ ಲೈಟು ಎಲ್ಲವೂ ಅದನ್ನು ಎಬ್ಬಿಸುತ್ತವೆ. ಒಂದೊಂದು ಕ್ಯಾಮೆರಾ ಎರಡು ಗಂಟೆಗೊಂದು ಸಲ ತಪ್ಪು ಎಚ್ಚರಿಕೆ ಕೊಡುತ್ತದೆ ಎಂದುಕೊಳ್ಳಿ, ಅದು ಕೆಟ್ಟ ಸಾಧನೆಯೇನಲ್ಲ. 120 ಕ್ಯಾಮೆರಾದಿಂದ ದಿನಕ್ಕೆ 1,440 ಎಚ್ಚರಿಕೆ, ಹೆಚ್ಚುಕಡಿಮೆ ನಿಮಿಷಕ್ಕೊಂದು. ಮೂರನೇ ದಿನಕ್ಕೆ ನಿಮ್ಮ ಆಪರೇಟರ್ ಹುಡುಗ ಶಬ್ದ ಆರಿಸಿ ಕೂರುತ್ತಾನೆ. ಅವನ ತಪ್ಪು ಅಂತ ನಾನು ಹೇಳಲಾರೆ. ಅರ್ಧ ಗಂಟೆ ಹದಿನಾರು ಚೌಕ ನೋಡಿದರೆ ನನಗೇ ಕಣ್ಣು ತೆರೆದಿದ್ದರೂ ಏನೂ ಕಾಣುತ್ತಿರಲಿಲ್ಲ.

ಆನೆಯ ವಿಷಯದಲ್ಲಿ ನಿಮಗೆ ದಾರಿ ತೋರಿಸಬಲ್ಲ ಕೆಲಸ ತಮಿಳುನಾಡಿನ ವಾಲ್ಪಾರೈಯಲ್ಲಿ ನಡೆದಿದೆ. ಅದೂ ನಿಮ್ಮಂತೆಯೇ ತೋಟಗಳ ನಾಡು. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ಅವರ ತಂಡ ಅರಣ್ಯ ಇಲಾಖೆ, ತೋಟಗಳವರ ಜೊತೆ ಸೇರಿ ಆನೆಗಳ ಜಾಡು ಹಿಡಿಯುವ ಜನರನ್ನು ಇಟ್ಟುಕೊಂಡು, ಅವರು ಕೊಟ್ಟ ಸುದ್ದಿಯನ್ನು ಆಯಾ ಭಾಗದವರ ಮೊಬೈಲಿಗೆ ಎಸ್‌ಎಂಎಸ್, ಧ್ವನಿ ಕರೆಯಾಗಿ ಕಳಿಸಿತು. ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ಎಲ್‌ಇಡಿ ದೀಪಗಳನ್ನು ಎತ್ತರದ ಜಾಗಗಳಲ್ಲಿ ನೆಟ್ಟಿತು. ದೀಪ ಹೊತ್ತಿದ್ದರೆ ಆನೆ ಹತ್ತಿರವಿದೆ, ನೋಡಿಕೊಂಡು ನಡೆಯಿರಿ ಎಂದು ಓದು ಬಾರದವರಿಗೂ ಅರ್ಥವಾಗುತ್ತದೆ. ಈ ಕೆಲಸಕ್ಕೆ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ನಿಮ್ಮ ಹಾಸನ ಜಿಲ್ಲೆಯಲ್ಲೂ ಅರಣ್ಯ ಇಲಾಖೆ ಎಸ್‌ಎಂಎಸ್, ಸೂಚನಾ ಫಲಕಗಳನ್ನು ಬಳಸಿದೆ, ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ತೊಡಿಸಿದೆ, ಆನೆ ಕಾರ್ಯಪಡೆಯವರು ಓಡಾಡುತ್ತಿದ್ದಾರೆ. ಪಂಚಾಯಿತಿ ಹೊಸದಾಗಿ ಆನೆ ಹುಡುಕಲು ಹೊರಡುವ ಅಗತ್ಯವಿಲ್ಲ. ಅವರಿಗೆ ಸಂಜೆ ಗೊತ್ತಾದದ್ದು ಬೆಳಿಗ್ಗೆ ಆರೂವರೆಯೊಳಗೆ ಪ್ರತಿ ಲೈನ್ ಮನೆಗೂ, ಪ್ರತಿ ತೋಟದ ಮೇಸ್ತ್ರಿಗೂ ಮುಟ್ಟುತ್ತಿದೆಯೇ? ಕೊಂಡಿ ಕಡಿದಿರುವುದು ಅಲ್ಲಿ. ಬೇರೆ ರಾಜ್ಯದಿಂದ ಬಂದ ಕೆಲಸದವರಿಗೆ ಕನ್ನಡದ ಎಸ್‌ಎಂಎಸ್ ಓದಲು ಬರುತ್ತದೆಯೇ ಎಂಬುದನ್ನೂ ನೋಡಿ. ಅವರ ಮಾತಿನಲ್ಲೇ ಒಂದು ಧ್ವನಿ ಸಂದೇಶ ಹೋಗುವಂತೆ ಮಾಡುವುದಕ್ಕೆ ಒಂದು ಕಂಬದ ಖರ್ಚೂ ಬಾರದು.

ಧರೆಗೆ ಬರುತ್ತೇನೆ. ಕುಸಿತವನ್ನು ಸೆನ್ಸರ್‌ನಿಂದ ಕಾಯಬಹುದು ಎಂಬುದು ನಿಜ. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು 2009ರಿಂದ ಒಂದು ಗುಡ್ಡವನ್ನು ಕಾಯುತ್ತಿದ್ದಾರೆ. ಆಳವಾಗಿ ಕೊರೆದು ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ, ಓರೆಯಾಗುವಿಕೆ, ಕಂಪನ ಅಳೆಯುತ್ತಾರೆ. ಆದರೆ ಅದು ವರ್ಷಗಟ್ಟಲೆ ಅಧ್ಯಯನ ಮಾಡಿದ, ಮಣ್ಣಿನ ಗುಣ ಬಲ್ಲ ಇಳಿಜಾರು. ಅಲ್ಲಿಯ ಉಪಕರಣ ಆ ಗುಡ್ಡದ ಬಗ್ಗೆ ಹೇಳುತ್ತದೆ, ಪಕ್ಕದ ಗುಡ್ಡದ ಬಗ್ಗೆ ಹೇಳುವುದಿಲ್ಲ. ನಿಮ್ಮ ಬೆಲೆಪಟ್ಟಿಯಲ್ಲಿ ಕಂಬಕ್ಕೆ ಕಟ್ಟುವ ಓರೆ ಅಳೆಯುವ ಸೆನ್ಸರ್ ಇದ್ದರೆ ಅದು ಕಂಬ ವಾಲಿದ್ದನ್ನು ತಿಳಿಸುತ್ತದೆ. ಆ ಹೊತ್ತಿಗೆ ಧರೆಯೂ ಹೊರಟಿರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಆದದ್ದನ್ನು ನೆನೆದು ಭಯಪಡುವುದು ಸಹಜ, ಆ ಭಯವನ್ನೇ ಇಟ್ಟುಕೊಂಡು ಮಾರಾಟ ಮಾಡುವವರೂ ಇದ್ದಾರೆ. ನಿಮ್ಮ ಧರೆಗೆ ಮೊದಲು ಬೇಕಾದದ್ದು ಭೂವಿಜ್ಞಾನಿಯೊಬ್ಬರ ಕಣ್ಣು, ಮೇಲಿಂದ ಬರುವ ನೀರನ್ನು ಬೇರೆಡೆಗೆ ತಿರುಗಿಸುವ ಚರಂಡಿ. ಜಿಲ್ಲಾಡಳಿತದ ಮೂಲಕ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಕುಸಿತ ಸಾಧ್ಯತೆಯ ನಕ್ಷೆ ತರಿಸಿಕೊಳ್ಳಿ. ಆಚೆ ಈಚೆ ಎರಡು ಗೂಟ ಹೊಡೆದು ಬಿರುಕಿನ ಅಗಲವನ್ನು ವಾರಕ್ಕೊಮ್ಮೆ ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಿರಿ. ತಿಳಿನೀರಿನ ಒರತೆ ಕೆಂಪಗಾದರೆ, ಇಲ್ಲದ ಕಡೆ ಒರತೆ ಎದ್ದರೆ, ಕರೆಂಟ್ ಕಂಬ ವಾಲಿದರೆ ಕೆಳಗಿನ ಮನೆಯವರು ಆ ರಾತ್ರಿ ಅಲ್ಲಿ ಮಲಗಬಾರದು. ಇದಕ್ಕೆ ಎಐ ಕಾಯಬೇಡಿ.

ಹಳ್ಳದ ಬಗ್ಗೆ ಮಾತ್ರ ನಾನು ಉತ್ಸಾಹದಿಂದ ಹೇಳಬಲ್ಲೆ, ಇಲ್ಲಿ ಉಪಕರಣ ಜೀವ ಉಳಿಸುತ್ತದೆ. ಸೇತುವೆಯಿಂದ ಮೇಲಕ್ಕೆ 6 ಕಿಲೊಮೀಟರ್ ದೂರದಲ್ಲಿ ಒಂದು ನೀರಿನ ಮಟ್ಟದ ಸೆನ್ಸರ್ ಇಟ್ಟಿರಿ ಎನ್ನಿ. ನೆರೆ ಸೆಕೆಂಡಿಗೆ 2 ಮೀಟರಿನಂತೆ ಇಳಿದರೆ ಸೇತುವೆಗೆ ಬರಲು 50 ನಿಮಿಷ, 3 ಮೀಟರಿನಂತೆ ಬಂದರೂ 33 ನಿಮಿಷ. ವ್ಯಾನಿನ ಡ್ರೈವರನ್ನು ಶಾಲೆಯಲ್ಲೇ ತಡೆಯಲು ಧಾರಾಳವಾಯಿತು. ನೀರನ್ನು ಮುಟ್ಟದೆ ಮೇಲಿಂದ ಅಳೆಯುವ ರೇಡಾರ್ ಸೆನ್ಸರ್ ತೆಗೆದುಕೊಳ್ಳಿ. ಶಬ್ದದಿಂದ ಅಳೆಯುವ ಅಲ್ಟ್ರಾಸಾನಿಕ್ ಅಗ್ಗ, ಆದರೆ ನೊರೆಗೂ ಗಾಳಿಯ ತಾಪದ ಏರಿಳಿತಕ್ಕೂ ಮೋಸಹೋಗುತ್ತದೆ. ನೀರಿನೊಳಗೆ ಇಳಿಬಿಡುವುದು ಮೊದಲ ನೆರೆಗೇ ಹೂಳು ತುಂಬಿ ಕೂರುತ್ತದೆ. ಸೇತುವೆಯ ಕಂಬಕ್ಕೆ ಅಡಿ, ಅರ್ಧ ಅಡಿಯ ಗುರುತಿನ ಅಳತೆಪಟ್ಟಿ ಬರೆಸಿ, ಅದನ್ನು ನೋಡುವಂತೆ ಒಂದೇ ಒಂದು ಕ್ಯಾಮೆರಾ ಇಡಿ. ಅದು ಐದು ನಿಮಿಷಕ್ಕೊಂದು ಫೋಟೊ ಕಳಿಸಿದರೆ ಸಾಕು, ವಿಡಿಯೊ ಬೇಡ. ಸೆನ್ಸರ್ ಹೇಳಿದ್ದು ನಿಜವೇ ಎಂದು ಮನೆಯಲ್ಲಿ ಕೂತು ಕಣ್ಣಲ್ಲಿ ನೋಡಬಹುದು.

ಮಳೆಯ ಲೆಕ್ಕಕ್ಕೆ ಹೊಸ ಮಾಪಕ ಕೊಳ್ಳುವ ಮೊದಲು ಇರುವುದನ್ನು ಬಳಸಿ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕದ ಅದರ ಕಚೇರಿಗೆ ಲೆಕ್ಕ ಹೋಗುತ್ತದೆ. ದೇಶದಲ್ಲೇ ಅಪರೂಪದ ಜಾಲ ಇದು, ನಮ್ಮದೇ ದುಡ್ಡಿನದು. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ಒಂದು ಸಲ ಹೋಗಿ ನೋಡಿ. ವರುಣ ಮಿತ್ರ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಹೇಳುತ್ತಾರೆ.

ಇಲ್ಲಿ ನನಗೆ ಪಾಠ ಕಲಿಸಿದ ಒಂದು ರಾತ್ರಿಯ ವಿಷಯ ಹೇಳಲೇಬೇಕು. ಒಂದು ಖಾಸಗಿ ಜಾಲದ ಉಸ್ತುವಾರಿ ನನ್ನದಾಗಿತ್ತು. ಆಗಸ್ಟ್ ತಿಂಗಳು, ಆಶ್ಲೇಷಾ ಮಳೆ. ಸುತ್ತಲಿನ ಮಾಪಕಗಳು ನೂರು ಮಿಲಿಮೀಟರ್ ದಾಟಿದ್ದವು, ನಡುವಿನ ಒಂದು ಮಾತ್ರ ಸೊನ್ನೆ ತೋರಿಸುತ್ತಿತ್ತು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ, ಅಂದರೆ ಎಲ್ಲ ಸುರಕ್ಷಿತ. ಬೆಳಿಗ್ಗೆ ಹೋಗಿ ಕೊಳವೆ ಬಿಚ್ಚಿದೆ. ಈ ಮಾಪಕದೊಳಗೆ ಏತದಂತೆ ಆಚೀಚೆ ತೂಗುವ ಎರಡು ಪುಟ್ಟ ದೊನ್ನೆಗಳಿರುತ್ತವೆ. ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ, ಮಗುಚಿದ ಎಣಿಕೆಯೇ ಮಳೆಯ ಲೆಕ್ಕ. ಆಲಿಕೆಯ ಬಾಯಿಗೆ ಒಂದು ಕೊಳೆತ ಎಲೆ ಅಡ್ಡ ಮಲಗಿತ್ತು. ಅದರ ಕೆಳಗೆ ಇರುವೆಗಳು ಒಣ ಜಾಗ ಸಿಕ್ಕಿತೆಂದು ದೊನ್ನೆಯಲ್ಲೇ ಮೊಟ್ಟೆ ಇಟ್ಟಿದ್ದವು. ಆ ರಾತ್ರಿ ಯಾರಿಗೂ ತೊಂದರೆಯಾಗಲಿಲ್ಲ, ಅದು ನಮ್ಮ ಪುಣ್ಯ. ಅಂದಿನಿಂದ ನಾನು ಕಟ್ಟಿದ ಯಾವ ಜಾಲದಲ್ಲೂ ‘ಮಳೆ ಇಲ್ಲ’ ಮತ್ತು ‘ಸುದ್ದಿ ಇಲ್ಲ’ ಒಂದೇ ಬಣ್ಣದಲ್ಲಿ ಇರಲು ಬಿಟ್ಟಿಲ್ಲ. ಸುದ್ದಿ ನಿಂತರೆ, ಅಥವಾ ನೆರೆಯ ಮಾಪಕಗಳಿಗೆ ತಾಳೆಯಾಗದ ಲೆಕ್ಕ ಬಂದರೆ, ಅದೇ ದೊಡ್ಡ ಎಚ್ಚರಿಕೆ. ಜೋರು ಮಳೆಯಲ್ಲಿ ಮೊದಲು ಮೌನವಾಗುವುದು ಅಪಾಯದ ಜಾಗದ ಉಪಕರಣವೇ. ಮರ ಬೀಳುವುದೂ ಅಲ್ಲಿ, ಸಿಡಿಲು ಹೊಡೆಯುವುದೂ ಅಲ್ಲಿ. ನಿಮ್ಮ ಕಂಪನಿಯವರನ್ನು ಕೇಳಿ: ಸೆನ್ಸರ್ ಸತ್ತರೆ ಪರದೆಯ ಮೇಲೆ ಏನು ಕಾಣುತ್ತದೆ? ಉತ್ತರಕ್ಕೆ ತಡವರಿಸಿದರೆ ಅವರು ಮಳೆಗಾಲ ಕಂಡವರಲ್ಲ.

ಕಳವಿಗೆ ಕ್ಯಾಮೆರಾ ಹಾಕುವುದಾದರೆ ಒಂದು ಸಣ್ಣ ಲೆಕ್ಕ ತಿಳಿದಿರಲಿ. ಪರಿಚಯವಿಲ್ಲದವನ ಮುಖ ಗುರುತಿಸುವಷ್ಟು ಚಿತ್ರ ಬೇಕಿದ್ದರೆ ಮೀಟರ್ ಅಗಲಕ್ಕೆ 250 ಚುಕ್ಕೆ (ಪಿಕ್ಸೆಲ್) ಇರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಯಾರೋ ಇದ್ದಾರೆ ಎಂದಷ್ಟೇ ತಿಳಿಯಲು 25 ಸಾಕು. ಫುಲ್ ಎಚ್‌ಡಿ ಚಿತ್ರದ ಅಗಲ 1,920 ಚುಕ್ಕೆ. ಅಂದರೆ ಮುಖ ಸಿಗಬೇಕಾದರೆ ಚಿತ್ರದಲ್ಲಿ ಏಳೂವರೆ ಮೀಟರಿಗಿಂತ ಹೆಚ್ಚು ಅಗಲ ಇರಬಾರದು. ಅರ್ಧ ಎಕರೆ ಕಣವನ್ನೆಲ್ಲ ಒಂದೇ ಕ್ಯಾಮೆರಾದಲ್ಲಿ ತೋರಿಸಿದರೆ ಚೀಲ ಹೊತ್ತ ನೆರಳು ಕಾಣುತ್ತದೆ, ಮನುಷ್ಯ ಯಾರೆಂದು ಕಾಣುವುದಿಲ್ಲ. ಕಾಫಿ ಚೀಲ ಗಾಡಿಯಲ್ಲೇ ಹೋಗಬೇಕು, ಗಾಡಿ ರಸ್ತೆಯಲ್ಲೇ ಹೋಗಬೇಕು. ಆದ್ದರಿಂದ ಊರಿಂದ ಹೊರಗೆ ಹೋಗುವ ರಸ್ತೆಗಳ ತಿರುವುಗಳಲ್ಲಿ, ಗಾಡಿ ನಿಧಾನವಾಗುವ ಕಡೆ, ಕಿರಿದಾಗಿ ನೋಡುವ ನಾಲ್ಕೈದು ಕ್ಯಾಮೆರಾ ಇಟ್ಟರೆ ತೋಟಕ್ಕೆ ಹತ್ತು ಹಾಕಿದ್ದಕ್ಕಿಂತ ಮೇಲು. ರೆಕಾರ್ಡಿಂಗ್ ಅಲ್ಲೇ ಪೆಟ್ಟಿಗೆಯಲ್ಲಿ ಆಗಲಿ, ಬೇಕಾದಾಗ ತೆಗೆಯಿರಿ. ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ನೋಡಿಕೊಳ್ಳಿ. ಎರಡು ಕ್ಯಾಮೆರಾದ ನಡುವೆ ಏಳು ನಿಮಿಷ ವ್ಯತ್ಯಾಸವಿದ್ದು ಇಡೀ ಪ್ರಕರಣ ಗೊಂದಲವಾದದ್ದನ್ನು ಕಂಡಿದ್ದೇನೆ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ಯಾರು ಕೊಡುತ್ತಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ.

ಲೈನ್ ಮನೆಯ ಹೆಂಗಸರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾನೂನೂ ಬಂದಿದೆ. ಅದನ್ನೆಲ್ಲ ಬದಿಗಿಟ್ಟರೂ, ಹಳ್ಳದ ಬದಿ ಬಟ್ಟೆ ಒಗೆಯುವ, ಸ್ನಾನ ಮಾಡುವ ಜಾಗ ಎಲ್ಲರಿಗೂ ಗೊತ್ತಿರುತ್ತದೆ. ಕ್ಯಾಮೆರಾ ಆ ಕಡೆ ತಿರುಗಬಾರದು, ಲೈನ್ ಮನೆಯ ಬಾಗಿಲೂ ಚಿತ್ರದೊಳಗೆ ಬರಬಾರದು. ತಿರುಗಿಸಲು ಆಗದ ಕಡೆ ಆ ಭಾಗವನ್ನು ಚಿತ್ರದಲ್ಲೇ ಕಪ್ಪಾಗಿಸುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ಬೆಲೆಪಟ್ಟಿಯಲ್ಲಿ ಮುಖ ಗುರುತಿಸುವ ತಂತ್ರಾಂಶ ಇದ್ದರೆ ಹೊಡೆದು ಹಾಕಿ. ನಿಮ್ಮ ನಾಲ್ಕು ತೊಂದರೆಗಳಲ್ಲಿ ಒಂದಕ್ಕೂ ಅದು ಬೇಕಾಗಿಲ್ಲ, ಕೆಲಸಕ್ಕೆ ಯಾರು ಬಂದರು ಯಾರು ಬರಲಿಲ್ಲ ಎಂದು ನೋಡಲು ಬಳಕೆಯಾಗುವುದು ಖಂಡಿತ.

ಪಾಸ್‌ವರ್ಡ್ ವಿಷಯವನ್ನು ಸಣ್ಣದೆನ್ನಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಲಕ್ಷಗಟ್ಟಲೆ ವಶಮಾಡಿಕೊಂಡು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಗಂಟೆಗಟ್ಟಲೆ ನಿಲ್ಲಿಸಿತ್ತು. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ, ಆ ಪ್ರಮಾಣಪತ್ರ ಕೇಳಿ. ಪಾಸ್‌ವರ್ಡುಗಳು ಪಂಚಾಯಿತಿಯ ಬಳಿ ಇರಬೇಕು. ಡೇಟಾ ಪಂಚಾಯಿತಿಯದ್ದು ಎಂದು ಬರವಣಿಗೆಯಲ್ಲಿರಬೇಕು. ಉಪಕರಣ ಓನ್‌ವಿಫ್‌ನಂಥ ಮುಕ್ತ ಮಾನದಂಡಕ್ಕೆ (ಬೇರೆ ಬೇರೆ ಕಂಪನಿಯ ಉಪಕರಣಗಳು ಒಟ್ಟಿಗೆ ಕೆಲಸ ಮಾಡಲು ಇರುವ ನಿಯಮ) ಹೊಂದಬೇಕು, ಇಲ್ಲವಾದರೆ ಆ ಕಂಪನಿ ಬಾಗಿಲು ಹಾಕಿದ ದಿನ ನಿಮ್ಮ ಕಂಬಗಳು ಬರೀ ಕಂಬಗಳು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಪೂರ್ತಿ ಪ್ಯಾಕೇಜ್ ಒಪ್ಪಿದರೆ ಮೊದಲ ವರ್ಷ ಉದ್ಘಾಟನೆಯ ಸಂಭ್ರಮ. ಎರಡನೇ ಮಳೆಗಾಲಕ್ಕೆ ಅರ್ಧದಷ್ಟು ಚೌಕಗಳು ಕಪ್ಪಾದರೂ ನನಗೆ ಆಶ್ಚರ್ಯವಿಲ್ಲ. ನನ್ನ ಅನುಭವದಲ್ಲಿ ಹಾಕಿದ ಬಂಡವಾಳದ ಏಳರಲ್ಲೊಂದು ಪಾಲನ್ನು ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡದ ಜಾಲ ಮೂರು ವರ್ಷ ಬಾಳುವುದಿಲ್ಲ, ದಾನಿಗಳು ಕಂಬಕ್ಕೆ ದುಡ್ಡು ಕೊಡುತ್ತಾರೆ, ಬ್ಯಾಟರಿಗೆ ಕೊಡುವುದಿಲ್ಲ. ಏನೂ ಕೊಳ್ಳದೆ ಜನರ ಜಾಲವನ್ನಷ್ಟೇ ಗಟ್ಟಿ ಮಾಡುವುದು ಎರಡನೆಯ ದಾರಿ. ಖರ್ಚು ಕಡಿಮೆ, ಆದರೆ ರಾತ್ರಿ ಎರಡು ಗಂಟೆಗೆ ಏರುವ ಹಳ್ಳ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಾನು ನಿಮ್ಮ ಜಾಗದಲ್ಲಿದ್ದರೆ ಮೂರನೆಯದನ್ನು ಹಿಡಿಯುತ್ತಿದ್ದೆ. ಹಳ್ಳಕ್ಕೆ ಎರಡು ಅಥವಾ ಮೂರು ಮಟ್ಟದ ಸೆನ್ಸರ್, ಲೋರಾ ಗೇಟ್‌ವೇ ಒಂದು, ಸೇತುವೆಯ ಫೋಟೊ ಕ್ಯಾಮೆರಾ ಒಂದು, ರಸ್ತೆಗಳಿಗೆ ನಾಲ್ಕೈದು ಕ್ಯಾಮೆರಾ, ಆನೆ ಸುದ್ದಿಗೆ ಧ್ವನಿ ಸಂದೇಶ ಮತ್ತು ಕೆಂಪು ದೀಪ. ಇದರಲ್ಲೂ ಅಪಾಯವಿದೆ. ಗೇಟ್‌ವೇ ಒಂದೇ ಇದ್ದು ಅದಕ್ಕೇ ಸಿಡಿಲು ಹೊಡೆದರೆ ಎಲ್ಲವೂ ಮೂಕ. ಹಾಗಾಗಿ ಒಳ್ಳೆಯ ಅರ್ಥಿಂಗ್ ಮಾಡಿಸಿ, ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿಯ ಬದಲು ಫೈಬರ್ ಎಳೆಸಿ, ಇನ್ನೊಂದು ಗೇಟ್‌ವೇ ಪಂಚಾಯಿತಿ ಕಪಾಟಿನಲ್ಲಿರಲಿ. ಟವರ್ ಸತ್ತಾಗಲೂ ಎಚ್ಚರಿಕೆ ಮುಟ್ಟಬೇಕೆಂದರೆ ಸೇತುವೆಯ ಎರಡೂ ಬದಿ ಲೋರಾದಿಂದಲೇ ಹೊತ್ತುವ ದೀಪ, ಒಂದು ಸೈರನ್ ಇರಲಿ. ಬೆಂಗಳೂರಿನ ಸರ್ವರ್‌ಗೆ ಹೋಗಿ ಬಂದ ಮೇಲೆ ಹೊತ್ತುವ ದೀಪ ನಿಮಗೆ ಬೇಡ.

ಪರದೆ ನೋಡುವವರು ಯಾರು ಎಂದು ಕೇಳಿದ್ದಿರಿ. ಈ ಬಗೆಯಲ್ಲಿ ಕಟ್ಟಿದರೆ ಯಾರೂ ಪರದೆ ನೋಡುತ್ತ ಕೂರಬೇಕಾಗಿಲ್ಲ. ಹಳ್ಳ ಮೊದಲ ಗುರುತು ದಾಟಿದಾಗ ಮೂರು ಜನರ ಫೋನು ಹೊಡೆದುಕೊಳ್ಳಬೇಕು: ವ್ಯಾನಿನ ಡ್ರೈವರ್, ಸೇತುವೆಯ ಹತ್ತಿರದ ಮನೆಯವರೊಬ್ಬರು, ಪಂಚಾಯಿತಿಯ ನೀರುಗಂಟಿ. ಎರಡನೇ ಗುರುತು ದಾಟಿದಾಗ ದೀಪ ಹೊತ್ತಬೇಕು, ಹತ್ತಿರದ ಮನೆಯವರು ಹೋಗಿ ರಸ್ತೆಗೆ ಅಡ್ಡ ಸರಪಳಿ ಎಳೆಯಬೇಕು. ಆ ಮೂವರ ಹೆಸರು ಬರೆದುಕೊಳ್ಳಲು ಆಗದಿದ್ದರೆ ಸೆನ್ಸರ್ ಕೊಳ್ಳುವುದನ್ನು ಮುಂದೂಡಿ. ಮೇ ತಿಂಗಳಲ್ಲಿ ಒಂದು ದಿನ ಸುಳ್ಳು ಎಚ್ಚರಿಕೆ ಕೊಟ್ಟು, ಸರಪಳಿ ಬೀಳಲು ಎಷ್ಟು ನಿಮಿಷವಾಯಿತೆಂದು ಗಡಿಯಾರ ಹಿಡಿದು ನೋಡಿ.

ಕಂಪನಿಯವರನ್ನು ಬರಿಗೈಯಲ್ಲಿ ವಾಪಸ್ ಕಳಿಸಬೇಕಾಗಿಲ್ಲ. ಹಳ್ಳದ ಒಂದು ಸೆನ್ಸರ್, ಒಂದು ಕ್ಯಾಮೆರಾವನ್ನು ಈ ಮಳೆಗಾಲ ಮುಗಿಯುವವರೆಗೆ ನಡೆಸಿ ತೋರಿಸಲಿ, ಎಷ್ಟು ಗಂಟೆ ಸುದ್ದಿ ನಿಂತಿತ್ತು ಎಂಬುದರ ಮೇಲೆ ಹಣ ಕೊಡುತ್ತೇವೆ ಎನ್ನಿ. ಕ್ಯಾಮೆರಾ ಕಟ್ಟಿದ ದಿನವೇ ಅದರಲ್ಲಿ ಕಾಣುವ ಚಿತ್ರವನ್ನು ಪ್ರಿಂಟ್ ಹಾಕಿಸಿ ಲೈನ್ ಮನೆಯ ಹೆಂಗಸರ ಕೈಗೆ ಕೊಡಿ. ಬೇಡವೆಂದರೆ ಅಲ್ಲೇ ತಿರುಗಿಸಿ. ಸೇತುವೆಯಿಂದ ಮೇಲಕ್ಕೆ ಹಳ್ಳ ಎಷ್ಟು ದೂರ ಹೋಗುತ್ತದೆ, ಎಲ್ಲೆಲ್ಲಿ ಬೇರೆ ತೊರೆ ಸೇರುತ್ತದೆ, ಯಾರ ಮನೆಯಿಂದ ಸೇತುವೆ ಕಾಣುತ್ತದೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಕಳಿಸಿ, ಸೆನ್ಸರ್ ಎಲ್ಲಿ ನೆಡಬೇಕೆಂದು ಗುರುತು ಹಾಕಿ ಕೊಡುತ್ತೇನೆ.